ರಾಣಿಯ ಕಿಟಕಿ

“ರಾಣಿಗೆ ನದಿ ಕಾಣಲಿ ಅಂತ ಮಹಾರಾಜರು ಇಷ್ಟು ದಪ್ಪದ ಗೋಡೆಯನ್ನೇ ಕೊರೆಸಿಬಿಟ್ರು ನೋಡಿ!” ರಾಜಧಾನಿ ನೋಡಲು ಬಂದವರಿಗೆ ಅರಮನೆ ತೋರಿಸುತ್ತಿದ್ದ ಅವಳು ಕಿಟಕಿಯ ಕಲ್ಲನ್ನು ಸವರಿದಾಗ, ಹಿಂದೆ ಕಂಬಕ್ಕೊರಗಿ ನಿಂತಿದ್ದ ಗಂಡನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ಮರೆತು ಬಂದಿದ್ದ ಬಿಸಿನೀರಿನ ಫ್ಲಾಸ್ಕ್ ಕೊಡಲು ಬಂದವನು ಸದ್ದಿಲ್ಲದೆ ಅಲ್ಲೇ ನಿಂತುಬಿಟ್ಟಿದ್ದ. ದನಿಯಲ್ಲಿ ಎಂಥ ಜೇನು, ಆ ಕೈಯಲ್ಲಿ ಎಂಥ ಮಮತೆ! ತನಗೆ ಮಾತ್ರ ಬೆಳಗಾದರೆ ಒಂದೇ ಮಂತ್ರ: “ಅಡುಗೆಮನೆ ಕಿಟಕಿಗೆ ಚಿಲಕ ಯಾವ ಜನ್ಮದಲ್ಲಿ ಹಾಕಿಸ್ತೀರಿ?”

ಸತ್ತು ಮಣ್ಣಾದ ರಾಜನ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನನ್ನು ತಾನೇ ಬೈದುಕೊಂಡ. ಕಿಚ್ಚು ಆರಲಿಲ್ಲ. ಆಳುಕಾಳು ಇದ್ದಿದ್ದರೆ ತಾನೂ ಕೊರೆಸುತ್ತಿರಲಿಲ್ಲವೇ, ಮಹಾ!

“ಪುಣ್ಯವಂತೆ ಕಣಮ್ಮ ಆ ರಾಣಿ,” ಎಂದರು ಗುಂಪಿನಲ್ಲಿದ್ದ ಒಬ್ಬ ಅಜ್ಜಿ. “ಇಬ್ರೂ ಜೊತೇಲಿ ಕೂತು ನದಿ ನೋಡ್ತಿದ್ರಾ?”

“ಎಲ್ಲಿ ಬಂತು ಅಜ್ಜಿ! ಕಿಟಕಿ ಮಾಡಿಸಿಕೊಟ್ಟು ದಂಡೆತ್ತಿ ಹೋದ್ರು. ಆಮೇಲೆ ಒಂದಿನಾನೂ ಈ ಕಡೆ ಕಾಲಿಡಲಿಲ್ಲವಂತೆ. ಪಾಪ, ಅವಳೊಬ್ಬಳೇ...” ಎನ್ನುವಷ್ಟರಲ್ಲಿ ಅವಳ ಗಂಟಲು ಕಟ್ಟಿತು. ಮಾತು ನಿಲ್ಲಿಸಿ, ತಿರುಗಿಯೂ ನೋಡದೆ, ಅವಳು ಕೈಯನ್ನು ಹಿಂದಕ್ಕೆ ಚಾಚಿದಳು.

ಮುಚ್ಚಳ ತೆಗೆದು ಫ್ಲಾಸ್ಕನ್ನು ಆ ಕೈಗಿಡುವಾಗ, ಅವನಿಗೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ಮಹಾರಾಜನ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.