ಒಂದು ಹಿಡಿ, ಎರಡು ತಲೆ

ಒಳಗಿನಿಂದ ಚಿಲಕ ಹಾಕಿ, ನಲ್ಲಿಯನ್ನು ಜೋರಾಗಿ ಬಿಟ್ಟು, ಚಂದ್ರಶೇಖರ ಭಾವಿ ಅಳಿಯನ ಬಚ್ಚಲಿನ ತಪಾಸಣೆಗೆ ಇಳಿದರು. ಕೈ ತೊಳೆಯುವುದು ಬರೀ ನೆಪ. ಹುಡುಗನ ಯೋಗ್ಯತೆ ತಿಳಿಯಬೇಕಾದರೆ ಅವನ ಹಲ್ಲುಜ್ಜುವ ಬ್ರಷ್ ನೋಡಬೇಕು ಎಂಬುದು ಅವರ ಸಿದ್ಧಾಂತ. ಸಚಿವಾಲಯದಲ್ಲಿ ಮೂವತ್ತು ವರ್ಷ ಕಡತ ಜಾಲಾಡಿದ ಕಣ್ಣು. ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ದೆಹಲಿಯ ಕಿದ್ವಾಯಿ ನಗರದ ಅವರ ಕ್ವಾರ್ಟರ್ಸಿನಲ್ಲಿ ಬ್ರಷ್ಷಿಗೂ ಕಾನೂನಿತ್ತು. ಮೂರು ತಿಂಗಳಿಗೊಮ್ಮೆ, ಒಂದನೇ ತಾರೀಕು, ಅವರೇ ತಂದು ಹಂಚುವುದು. ತಮಗೆ ನೀಲಿ, ಹೆಂಡತಿ ಸುಮಿತ್ರಾಗೆ ಕೆಂಪು, ಮಗಳು ಹಂಸಿನಿಗೆ ಹಸಿರು. ಮೂರು ವರ್ಷದವಳಿದ್ದಾಗ ಹಸಿರಲ್ಲದಿದ್ದರೆ ಬಾಯಿ ತೆರೆಯಲೊಲ್ಲೆ ಎಂದು ರಂಪ ಮಾಡಿದವಳು. ಈಗ ಇಪ್ಪತ್ತಾರು. ಮುಖರ್ಜಿ ನಗರದ ಹಾಸ್ಟೆಲಿನಲ್ಲಿದ್ದು ಐಎಎಸ್ ಪರೀಕ್ಷೆಗೆ ಓದುತ್ತಾಳೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ, ಅಪ್ಪ ಕೊಟ್ಟ ಬ್ರಷ್ಷನ್ನು ತೆಪ್ಪಗೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಏಳು ಸಂಬಂಧ ಬೇಡವೆಂದಿದ್ದ ಮಗಳು, ಕನ್ನಡ ಸಂಘದ ವೈಜಯಂತಿ ತಂದ ಈ ಅನೀಶನಿಗೆ ಮಾತ್ರ ಫೋಟೊ ನೋಡುವ ಮೊದಲೇ ಹೂಂ ಅಂದಿದ್ದಳು. ಎಲ್ಲ ತಾನು ಬೆಳೆಸಿದ ರೀತಿ ಎಂದು ಚಂದ್ರಶೇಖರ ಬೀಗಿದ್ದರು. "ಫೋನ್ ಮಾಡಿ ಹೋಗಿ ಅಪ್ಪ, ಪ್ಲೀಸ್" ಎಂದು ಅವಳು ಗೋಗರೆದಿದ್ದಳು. ಹೇಳಿ ಹೋದರೆ ಅದೆಂಥ ತಪಾಸಣೆ? ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಗ್ರೇಟರ್ ನೋಯ್ಡಾದ ಫ್ಲ್ಯಾಟಿನ ಕರೆಗಂಟೆ ಒತ್ತಿದ್ದರು.

ಕನ್ನಡಿಯ ಕೆಳಗೆ ನಿಂತಿತ್ತು ಅದು. ಕರೆಂಟಿನ ಬ್ರಷ್!

ಥೂ! ಹಲ್ಲುಜ್ಜಲು ಕೈ ಆಡಿಸಲಿಕ್ಕೂ ಸೋಮಾರಿತನ. ನಾಳೆ ಅನ್ನ ಕಲೆಸಲು ಮೋಟರು ಬೇಕೆನ್ನುತ್ತಾನೆ ಈ ಮೇಷ್ಟ್ರು. ಇವನು ಕಾಲೇಜಿನಲ್ಲಿ ಪಾಠ ಬೇರೆ ಮಾಡುತ್ತಾನಂತೆ!

ಅಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಪಕ್ಕದಲ್ಲಿ ಬಿಚ್ಚಿಟ್ಟ ಇನ್ನೊಂದು ಬ್ರಷ್ ತಲೆಯಿತ್ತು. ಒಂದೇ ಹಿಡಿಗೆ ಇಬ್ಬರು ಸರದಿಯ ಮೇಲೆ ಸಿಕ್ಕಿಸಿಕೊಳ್ಳುವ ತಲೆ. ಅದಲುಬದಲಾಗದಿರಲೆಂದು ಒಂದಕ್ಕೆ ಕಪ್ಪು ಉಂಗುರ, ಒಂದಕ್ಕೆ ಹಸಿರು. ಬೆರಳಿಟ್ಟು ನೋಡಿದರು. ಎರಡೂ ಒದ್ದೆ.

ಹೊರಗೆ ಅನೀಶ್ ಚಹಾ ಹಿಡಿದು ನಿಂತಿದ್ದ.

"ಒಬ್ಬನೇ ಇರೋದು ಅಂದಿದ್ದೆಯಲ್ಲಪ್ಪ. ಆ ಎರಡನೇ ತಲೆ ಯಾರದು?"

ಹುಡುಗನ ಮುಖ ಬಿಳಿಚಿತು. "ಅವಳನ್ನ ಕೇಳದೆ ಹೆಸರು ಹೇಳಲ್ಲ ಅಂಕಲ್."

"ಅಚ್ಛಾ! ಮಾನ ಬೇರೆ ಕಾಪಾಡ್ತೀಯಾ?" ಚಹಾ ಮುಟ್ಟದೆ ಚಂದ್ರಶೇಖರ ಮೆಟ್ಟಿಲಿಳಿದರು. ಟ್ಯಾಕ್ಸಿಯಲ್ಲೇ ವೈಜಯಂತಿಗೆ ಫೋನ್ ಮಾಡಿ ಸಂಬಂಧ ಮುರಿದರು.

ಮನೆಗೆ ಬಂದಾಗ ಹಂಸಿನಿ ಆಗತಾನೇ ಬಂದಿದ್ದಳು. ಚೀಲ ಇನ್ನೂ ಹೆಗಲ ಮೇಲಿತ್ತು. ಸುಮಿತ್ರಾ ತಟ್ಟೆ ಹಾಕುತ್ತಿದ್ದರು. ಚಂದ್ರಶೇಖರ ನಿಂತಲ್ಲೇ ಹರಿಹಾಯ್ದರು.

"ಒಂದು ಹಿಡಿ, ಎರಡು ತಲೆ ಕಣೇ! ಹುಡುಗಿ ಇಟ್ಟುಕೊಂಡಿದ್ದಾನೆ ಅಯೋಗ್ಯ. ಅವನನ್ನ ಬಿಡು, ಆ ಹುಡುಗಿಯ ಅಪ್ಪನಿಗೆ ಕಣ್ಣಿಲ್ಲವಾ? ಮಗಳು ಬೆಳಿಗ್ಗೆ ಎಲ್ಲಿ ಹಲ್ಲುಜ್ಜುತ್ತಾಳೆ ಅಂತ ಗೊತ್ತಿಲ್ಲದವನು ಒಬ್ಬ ಅಪ್ಪನಾ?"

"ಪಾಪ ರೀ, ಗೊತ್ತಾದರೆ ಆ ಮನುಷ್ಯನ ಗತಿ ಏನು?" ಎಂದರು ಸುಮಿತ್ರಾ.

"ಗೊತ್ತಾಗಲಿ! ಗೊತ್ತಾಗಬೇಕು!"

ಹಂಸಿನಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ವೈಜಯಂತಿ ಆಂಟಿಗೆ ಹೇಳೇಬಿಟ್ಟಿರಾ ಅಪ್ಪ?"

"ಹೇಳಿದೆ. ಇಡೀ ಸಂಘಕ್ಕೆ ಸಾರಿಬಿಡಿ ಅಂದೆ."

ಮಗಳ ಕಣ್ಣು ತುಂಬಿದ್ದು ಕಂಡು ಅವರ ದನಿ ಮೆತ್ತಗಾಯಿತು. ಪಾಪದ ಹುಡುಗಿ, ಮನಸ್ಸಿಟ್ಟಿದ್ದಳು. ಅಂದು ಒಂದನೇ ತಾರೀಕು. ಕಪಾಟಿನಿಂದ ಹೊಸ ಹಸಿರು ಬ್ರಷ್ ತೆಗೆದು ಅವಳ ಮುಂದೆ ಹಿಡಿದರು. "ತಗೋ ಮಗಳೇ. ಅಂಥವನ ಸಹವಾಸ ನಮಗೆ ಬೇಡ."

ಹಂಸಿನಿ ಕೈ ಚಾಚಲಿಲ್ಲ.

"ಬೇಡ ಅಪ್ಪ. ನನ್ನ ಹಸಿರು ಅಲ್ಲೇ ಇದೆ."