ಗಡಿಯಾಚೆ ಒಂದಡಿ

“ಈ ಮನೆ ನನಗೆ ಬೇಡ,” ಎಂದಳು ಚಿಜುರು.

ದಲ್ಲಾಳಿ ನೋಸೆ ಬೀಗಕ್ಕೆ ಹಾಕಿದ್ದ ಕೀಲಿಕೈ ತಿರುಗಿಸುವುದನ್ನೂ ಮರೆತು ನಿಂತ. ಕ್ಯೋಟೋದ ಆ ಸಣ್ಣ ಓಣಿಯಲ್ಲಿ ಇನ್ನೂ ಬೆಳಗಿನ ಏಳು ಗಂಟೆಯಾಗಿರಲಿಲ್ಲ. ಎರಡು ವಾರದಿಂದ ಈ ಹೆಂಗಸು ಮನೆಯನ್ನು ತಟ್ಟಿ ಕುಟ್ಟಿ ನೋಡಿದ್ದಳು. ಗೋಲಿ ಉರುಳಿಸಿ ನೆಲ ವಾಲಿದೆಯೇ ಎಂದು ಪರೀಕ್ಷಿಸಿದ್ದಳು. ಅಡುಗೆಮನೆಯ ಹಲಗೆ ಎತ್ತಿ, ಟಾರ್ಚ್ ಹಿಡಿದು ನೆಲದಡಿಗೆ ತೆವಳಿ, ಗೆದ್ದಲಿದೆಯೇ ಎಂದು ಕಂಬಗಳ ಬುಡ ಕೆರೆದಿದ್ದಳು. ಜೋರು ಮಳೆ ಬಂದ ದಿನ ಬಸ್ಸಿನ ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೇ ಬಂದು, ಒಂದು ಗಂಟೆ ಚಾವಣಿ ನೋಡುತ್ತ ಕೂತಿದ್ದಳು. ಅರವತ್ತು ವರ್ಷದ ಆ ಒಂದೇ ಅಂತಸ್ತಿನ ಮರದ ಮನೆ ಎಲ್ಲದರಲ್ಲೂ ಪಾಸಾಗಿತ್ತು. ಇವತ್ತು ಸಹಿ ಬೀಳುತ್ತದೆ ಎಂದು ನೋಸೆ ಹೊಸ ಟೈ ಕಟ್ಟಿಕೊಂಡು ಬಂದಿದ್ದ.

“ಏನಾಯ್ತು ಮೇಡಂ? ಗೆದ್ದಲು ಕಂಡ್ತಾ?”

“ಗೆದ್ದಲಾದ್ರೆ ಔಷಧಿ ಹೊಡೀಬಹುದು. ಅಕ್ಕಪಕ್ಕದವರಿಗೆ ಏನು ಹೊಡೀಲಿ? ಅಲ್ಲಿ ನೋಡಿ.”

ಓಣಿಯ ಉದ್ದಕ್ಕೂ ಕಲ್ಲುಹಾಸು ಊಟಕ್ಕೆ ಕೂರುವಷ್ಟು ಚೊಕ್ಕಟವಾಗಿತ್ತು. ಈ ಮನೆಯ ಮುಂದೆ ಮಾತ್ರ ಈ ಮೂರ್ನಾಲ್ಕು ದಿನದಲ್ಲಿ ಉದುರಿದ ಗಿಂಕೊ ಮರದ ಹಳದಿ ಎಲೆಗಳು ಪಾದ ಮುಳುಗುವಷ್ಟು ಬಿದ್ದಿದ್ದವು. ಅದೂ ಎಡಕ್ಕೊಂದಡಿ, ಬಲಕ್ಕೊಂದಡಿ ಯಾರೋ ಗುಡಿಸಿ, ನಡುವಿನದನ್ನು ಹಾಗೇ ಬಿಟ್ಟಿದ್ದರು. ಎರಡೂ ಕಡೆ ನೂಲು ಹಿಡಿದು ಗೆರೆ ಎಳೆದಂತಿತ್ತು.

“ದಕ್ಷಿಣದಲ್ಲಿ, ನಮ್ಮ ಮಿಯಾಜಾಕಿ ಕಡೆ ಪಕ್ಕದ ಮನೆ ಅಂಗಳಾನೂ ನಮ್ಮದೇ ಅನ್ಕೋತೀವಿ. ಎಷ್ಟು ಹಗೆ ಇದ್ರೆ ಇಲ್ಲಿ ಹೀಗೆ ಅಳೆದು ಗುಡಿಸ್ತಾರೆ! ಈ ಮನೇಲಿ ಏನು ನಡೆದಿತ್ತು, ನಿಜ ಹೇಳಿ.”

“ಅಯ್ಯೋ, ಅದು ಹಾಗಲ್ಲ ಮೇಡಂ…”

ಚಿಜುರುವಿಗೆ ಅವನ ಮಾತು ಬೇಕಿರಲಿಲ್ಲ. ಅಳು ಬರುವುದೊಂದು ಬಾಕಿ. ನಲವತ್ತೇಳು ವರ್ಷದ ಒಂಟಿ ಹೆಂಗಸು. ಇಪ್ಪತ್ತೆರಡು ವರ್ಷ ಬಸ್ ಓಡಿಸಿ ಕೂಡಿಸಿದ್ದು ಒಂದೇ ಒಂದು ಮನೆಗೆ ಸಾಕು. ಅದು ತಪ್ಪು ಮನೆಯಾದರೆ ಇನ್ನೊಂದರ ಮಾತೇ ಇಲ್ಲ. ಮನೆ ಕೆಟ್ಟರೆ ರಿಪೇರಿ ಮಾಡಿಸಬಹುದು, ಓಣಿ ಕೆಟ್ಟದಾದರೆ ಉಸಿರಿರುವ ತನಕ ಅನುಭವಿಸಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಸರಿಯಿತು. ಬಿಳಿ ಏಪ್ರನ್ ತೊಟ್ಟ ಮುದುಕಿಯೊಬ್ಬಳು ಬಿದಿರುಕಡ್ಡಿಯ ಪೊರಕೆ ಹಿಡಿದು ಹೊರಗೆ ಬಂದಳು. ಅವಳ ಹೆಸರು ಸುಮಾ.

“ಬೆಳಬೆಳಿಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡ್ತೀರಿ! ಒಳ್ಳೆ ಆರೋಗ್ಯ,” ಎಂದು ಮುಗುಳ್ನಕ್ಕಳು. ಆ ಊರಿನಲ್ಲಿ ಬೈಗುಳವೂ ಹೊಗಳಿಕೆಯ ಸೀರೆ ಉಟ್ಟೇ ಹೊರಡುವುದು. ನೋಸೆಗೆ ಬಿಸಿ ತಟ್ಟಿತು, ಸೊಂಟ ಬಗ್ಗಿಸಿ ನಮಸ್ಕರಿಸಿದ. ದಕ್ಷಿಣದ ಚಿಜುರುವಿಗೆ ತಟ್ಟಲಿಲ್ಲ.

ಸುಮಾ ತನ್ನ ಮನೆಯ ಮುಂದೆ ಗುಡಿಸಿದಳು. ಗಡಿ ದಾಟಿ ಒಂದಡಿ ಗುಡಿಸಿದಳು. ಅಲ್ಲಿಗೆ ಪೊರಕೆ ಎತ್ತಿಬಿಟ್ಟಳು.

“ಅಜ್ಜೀ, ಇನ್ನು ನಾಲ್ಕು ಸಲ ಕೈಯಾಡಿಸಿದ್ರೆ ಇದೂ ಮುಗೀತಿತ್ತಲ್ಲ?” ಚಿಜುರು ತಡೆಯಲಾರದೆ ಕೇಳಿಯೇಬಿಟ್ಟಳು.

“ಅಜ್ಜಿ ಯಾರಮ್ಮ? ನನಗಿನ್ನೂ ಎಪ್ಪತ್ತೊಂಬತ್ತು.” ಸುಮಾ ಪೊರಕೆಯನ್ನು ನೆಟ್ಟಗೆ ನಿಲ್ಲಿಸಿಕೊಂಡಳು. “ಪಕ್ಕದವರದ್ದು ಒಂದಡಿ ಗುಡಿಸದೇ ಇದ್ರೆ ಅದು ಸೊಕ್ಕು. ಒಂದಡಿ ಮೀರಿದ್ರೆ ಅದಕ್ಕಿಂತ ದೊಡ್ಡ ಸೊಕ್ಕು. ‘ನಿಮ್ಮ ಮನೆ ಮುಂದೆ ನಿಮಗೆ ನೋಡ್ಕೊಳ್ಳೋಕಾಗಲ್ಲ’ ಅಂತ ಮುಖಕ್ಕೆ ಹೇಳಿದ ಹಾಗೆ.”

“ಯಾರ ಮುಖಕ್ಕೆ? ನಾಲ್ಕು ವರ್ಷದಿಂದ ಇಲ್ಲಿ ಯಾರೂ ಇಲ್ಲವಲ್ಲ!”

“ಇಲ್ಲ ಅಂತ ಯಾರು ಹೇಳಿದ್ದು? ಇನ್ನೂ ಬಂದಿಲ್ಲ, ಅಷ್ಟೇ.” ಮುದುಕಿಯ ಕತ್ತು ಒಂದಿಷ್ಟು ಮೇಲೆದ್ದಿತು. “ಬೀಸಣಿಗೆ ಮಾಡೋರು ಇದ್ರು, ದೊಡ್ಡ ಜಾಗ ಸಿಕ್ತು, ಹೋದ್ರು. ಮುಂದಿನವರು ಬರ್ತಾರೆ. ಬರೋರ ಪಾಲಿನ ಕೆಲಸ ನಾವು ಕಿತ್ಕೊಳ್ಳೋದಾ? ವರ್ಷದ ಕೊನೆಗೆ ಎಲ್ಲರೂ ಸೇರಿ ಓಣಿ ತೊಳೀತೀವಿ, ಆ ಒಂದಿನ ಮಾತ್ರ ಇಲ್ಲಿಗೂ ನೀರು ಹಾಕ್ತೀವಿ. ನಮ್ಮ ಓಣಿಯಲ್ಲಿ ಖಾಲಿ ಮನೆ ಅಂತ ಒಂದೂ ಇಲ್ಲಮ್ಮ.”

ಚಿಜುರು ಮತ್ತೆ ಆ ಎಲೆಗಳತ್ತ ನೋಡಿದಳು. ಈವರೆಗೆ ಆರು ಬಾಡಿಗೆ ಮನೆ ಬದಲಿಸಿದ್ದಳು. ಎಲ್ಲ ಕಡೆಯೂ ‘ಒಬ್ಬರೇನಾ?’ ಎಂದು ಕೇಳಿದವರೇ ಹೊರತು, ಇದು ನಿಮ್ಮ ಪಾಲಿನದು ಎಂದು ಒಂದು ಮೊಳ ನೆಲ ತೋರಿಸಿದವರಿಲ್ಲ. ಇಲ್ಲಿ ಮುಖ ನೋಡದೆಯೇ ಅವಳಿಗೆಂದು ನಾಲ್ಕು ವರ್ಷದಿಂದ ಜಾಗ ಬಿಟ್ಟುಕೊಂಡು ಕಾದಿದ್ದಾರೆ. ಅವಳಿಗೆ ಹೆಮ್ಮೆಯಾಯಿತು. ಓಣಿಯ ಬಗ್ಗೆಯೋ, ತನ್ನ ಬಗ್ಗೆಯೋ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

“ಸ್ವಲ್ಪ ಪೊರಕೆ ಕೊಡ್ತೀರಾ, ಸುಮ್ಮನೆ ಒಂದೈದು ನಿಮಿಷ?”

ಸುಮಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೊರಕೆ ಕೊಟ್ಟಳು.

ಚಿಜುರು ಕೋಟಿನ ತೋಳು ಮಡಚಿ ಬಾಗಿಲಿಂದಲೇ ಶುರು ಮಾಡಿದಳು. ಎಲೆಯ ಜೊತೆ ಬಿದ್ದಿದ್ದ ಗಿಂಕೊ ಹಣ್ಣು ಒಡೆದು ನಾತ ಬಡಿಯಿತು. ನೋಸೆ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಅವಳು ಲೆಕ್ಕಿಸಲಿಲ್ಲ. ನಡುವಿನದೆಲ್ಲ ಗುಡ್ಡೆಯಾಯಿತು. ಬಲಗಡೆಯವರ ಗಡಿ ದಾಟಿ ಒಂದಡಿ ಗುಡಿಸಿದಳು. ಎಡಕ್ಕೆ ತಿರುಗಿ, ಆಗಲೇ ಕನ್ನಡಿಯಂತಿದ್ದ ಸುಮಾಳ ಕಲ್ಲಿನ ಮೇಲೂ ಒಂದಡಿ ಪೊರಕೆ ಆಡಿಸಿ, ಮೈ ನೆಟ್ಟಗೆ ಮಾಡಿ ನಿಂತಳು.

ಸುಮಾ ಬಂದಳು. ಗಡಿಯ ಕಲ್ಲಿಗೆ ಹಿಮ್ಮಡಿ ಹಚ್ಚಿ ಪಾದ ಇಟ್ಟು, ಗುಡಿಸಿದ ಗುರುತನ್ನು ಬಗ್ಗಿ ನೋಡಿದಳು.

“ನಾಲ್ಕು ಬೆರಳು ಹೆಚ್ಚಾಯ್ತು,” ಎಂದಳು. “ಇರಲಿ, ಮೊದಲ ದಿನ ತಾನೇ.”