ಹೆಚ್ಚಿಗೆ ಇಟ್ಟ ತಟ್ಟೆ

ಹನ್ನೊಂದನೇ ಮನೆಯವರೂ ಬಾಗಿಲು ತೆರೆದುಬಿಟ್ಟರು.

ಫೋನನ್ನು ಕಿವಿಗೆ ಒತ್ತಿಕೊಂಡಿದ್ದ ಪ್ರೊಫೆಸರ್ ಶೆಲೋಂಗ್ ಅವರ ಮುಖ ಇಳಿಯಿತು. "ತೆಗೆದು ಏನು ಮಾಡಿದ್ರು?"

"ಹುಡುಗನ್ನ ಒಳಗೆ ಕೂರಿಸ್ಕೊಂಡ್ರು ಸರ್," ಎಂದಳು ಅವರ ಸಹಾಯಕಿ ಮಾಲ್ವಿನಾ. "ಇದು ಪ್ರಯೋಗ, ನಾನು ಹೊರಡ್ತೀನಿ ಅಂದ್ರೂ ಬಿಡ್ತಿಲ್ವಂತೆ. ಮೀನು ತಿಂದೇ ಹೋಗು ಅಂತಿದಾರಂತೆ."

ಪ್ರೊಫೆಸರು ಹಾಳೆಯ ಮೇಲೆ ಹನ್ನೊಂದನೇ ಸೊನ್ನೆ ಬರೆದರು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಲುಬ್ಲಿನ್‌ನ ಯಾವ ಮನೆಗೆ ಹೋದರೂ ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇರುತ್ತದೆ. ಕರೆಯದೆ ಬರುವ ಅತಿಥಿಗೆಂದು ಇಟ್ಟದ್ದು. ಅತಿಥಿ ನಿಜವಾಗಿ ಬಂದರೆ ಏನಾಗುತ್ತದೆ ಎಂಬುದೇ ಪ್ರೊಫೆಸರರ ಪ್ರಶ್ನೆ. ಇಪ್ಪತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಲಾಗಿತ್ತು. ಬೇರೆ ಊರಿನ ನಾಟಕ ಶಾಲೆಯಿಂದ ಕರೆಸಿದ ಇಪ್ಪತ್ತು ಹುಡುಗ ಹುಡುಗಿಯರು, ಒಬ್ಬೊಬ್ಬರು ಒಂದೊಂದು ಬಾಗಿಲು ತಟ್ಟಿ, ಕೊನೆಯ ಬಸ್ಸು ತಪ್ಪಿತು, ಸ್ವಲ್ಪ ಹೊತ್ತು ಕೂರಲೇ ಎಂದು ಕೇಳಬೇಕು. ಮನೆಗಳ ಪಟ್ಟಿ ಇದ್ದದ್ದು ಮಾಲ್ವಿನಾಳ ಬಳಿ ಮಾತ್ರ. ತಾವು ನೋಡಿದರೆ ವಿಜ್ಞಾನ ಮೈಲಿಗೆಯಾಗುತ್ತದೆಂದು ಪ್ರೊಫೆಸರರೇ ಮಾಡಿದ ಏರ್ಪಾಡು. ಆಕೆ ಕೆಲಸಕ್ಕೆ ಸೇರಿ ಇನ್ನೂ ಮೂರೇ ತಿಂಗಳಾಗಿತ್ತು. ಅವರು ಹೇಳಿದ್ದಕ್ಕೆಲ್ಲ ಸರಿ ಸರ್ ಎನ್ನುತ್ತಿದ್ದಳು.

ಈ ಪ್ರಯೋಗದ ಹಿಂದೆ ಒಂಬತ್ತು ವರ್ಷದ ದುಡಿಮೆ ಇತ್ತು, ನಾನೂರು ಪುಟಗಳ ಹಸ್ತಪ್ರತಿ ಇತ್ತು. ಮನುಷ್ಯ ಹೇಳುವುದೊಂದು ಮಾಡುವುದೊಂದು. ಅವನ ನಡತೆ ಅರ್ಥವಾಗಬೇಕಾದರೆ ಸಂದರ್ಭವನ್ನು ನೋಡಬೇಡಿ, ಸ್ವಭಾವವನ್ನು ನೋಡಿ ಎನ್ನುವುದು ಅದರ ಸಾರ. ಎದುರು ಕೋಣೆಯ ಸಹೋದ್ಯೋಗಿಯದು ತದ್ವಿರುದ್ಧ ಸಿದ್ಧಾಂತ: ಎಲ್ಲವೂ ಸಂದರ್ಭ ಆಡಿಸಿದಂತೆ. ಇಬ್ಬರೂ ಹತ್ತು ವರ್ಷದಿಂದ ಲಿಫ್ಟಿನಲ್ಲಿ ಮಾತಾಡುತ್ತಿರಲಿಲ್ಲ. ಹೊಸ ವರ್ಷದೊಳಗೆ ಪುರಾವೆ ಕೊಡದಿದ್ದರೆ ಪುಸ್ತಕ ಬೇಡ ಎಂದು ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದ್ದರು. ವಸಂತಕ್ಕೆ ನಿವೃತ್ತಿ. ಬಾಗಿಲು ಹಾಕುವ ಜನ ಸಿಗಲಿಲ್ಲವೆಂದರೆ ಪ್ರೊಫೆಸರು ಬರಿಗೈಯಲ್ಲಿ ಮನೆಗೆ ಹೋಗಬೇಕು.

"ಲುದೆಕ್, ಆಕಾಶದಲ್ಲಿ ಮೊದಲನೇ ನಕ್ಷತ್ರ ಬಂದಾಯ್ತು, ಊಟಕ್ಕೆ ಕೂರೋ ಹೊತ್ತು. ಸಾರು ಆರ್ತಿದೆ," ಎಂದಳು ಹೆಂಡತಿ ಬೋಗ್ನಾ. ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು. ಮನೆಯಲ್ಲಿ ಇದ್ದದ್ದು ಇಬ್ಬರೇ.

"ಆ ಮೂರನೇದು ಎತ್ತಿಡು. ಯಾರು ಬರ್ತಾರೆ?"

"ಇಪ್ಪತ್ತಾರು ವರ್ಷದಿಂದ ಇಡ್ತಿದೀನಿ. ಒಬ್ರೂ ಬಂದಿಲ್ಲ. ಆದ್ರೂ ಇರ್ಲಿ."

ಬಾಗಿಲ ಗಂಟೆ ಸದ್ದಾಯಿತು. ಬೋಗ್ನಾ ಹೋಗಿ ನೋಡಿದಳು. ಗಸಗಸೆ ಕೇಕು ಹಿಡಿದ ಅಜ್ಜಿಯೊಬ್ಬಳು, ಮೇಲಿನ ಮಹಡಿಯ ಗಾಯ್ದಾ ಮನೆಯವರ ಅತ್ತೆ. ಗಾಯ್ದಾ ಅವರಿಗೆ ನೆಂಟರು ಜಾಸ್ತಿ, ನೆಂಟರಿಗೆ ಮಹಡಿ ಎಣಿಸುವ ತಾಳ್ಮೆ ಕಡಿಮೆ. ಪ್ರತಿ ವರ್ಷವೂ ಇದೇ ಗೋಳು.

ಹನ್ನೆರಡು, ಹದಿಮೂರು, ಹದಿನಾಲ್ಕು. ಎಲ್ಲ ಸೊನ್ನೆ. ಹದಿನಾಲ್ಕನೇ ಮನೆಯವರಂತೂ ಹುಡುಗಿಯ ಒದ್ದೆ ಕಾಲುಚೀಲ ಬಿಚ್ಚಿಸಿ ಒಣಹಾಕಿದ್ದರು. ಲುಬ್ಲಿನ್ ಇಷ್ಟೊಂದು ಒಳ್ಳೆಯ ಊರೆಂದು ಪ್ರೊಫೆಸರಿಗೆ ಯಾರೂ ಹೇಳಿರಲಿಲ್ಲ. ಅವರಿಗೆ ಅಳು ಬರುವಂತಾಯಿತು.

ಮತ್ತೆ ಗಂಟೆ. ಬೋಗ್ನಾ ಒಲೆಯ ಮುಂದಿದ್ದಳು. ಪ್ರೊಫೆಸರು ಫೋನು ಕಿವಿಗಿಟ್ಟುಕೊಂಡೇ ಎದ್ದು ಹೋಗಿ ಬಾಗಿಲು ತೆರೆದು, "ಗಾಯ್ದಾ ಮನೆ ಮೇಲಿನ ಮಹಡಿ" ಎಂದು ಹೇಳಿ, ಮುಚ್ಚಿ ಬಂದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಯಾರು?"

"ನೆಂಟರು."

ಹದಿನೈದು, ಹದಿನಾರು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹದಿನೇಳರ ಸುದ್ದಿಯೇ ಇಲ್ಲ. ಹಾಳೆಯ ತುಂಬ ಸೊನ್ನೆ. ಕೊನೆಗೊಮ್ಮೆ ಮಾಲ್ವಿನಾ ಫೋನು ಮಾಡಿದಳು.

"ಸರ್, ಹದಿನೇಳನೇ ಮನೆಯವ್ರು ಸೇರಿಸಲಿಲ್ಲ. ಹುಡುಗನಿಗೆ ಬಾಯಿ ತೆಗೆಯೋಕೂ ಬಿಡ್ದೆ ಬಾಗಿಲು ಹಾಕಿದ್ರಂತೆ."

ಪ್ರೊಫೆಸರು ಎದ್ದು ನಿಂತರು. ಕುಣಿಯಲು ಬರುತ್ತಿದ್ದರೆ ಕುಣಿಯುತ್ತಿದ್ದರು. "ಒಬ್ಬ ಸಿಕ್ಕಿದ ಬೋಗ್ನಾ. ಒಬ್ಬ ಸಾಕು. ಅವನೇ ನನ್ನ ಮೊದಲನೇ ಅಧ್ಯಾಯ."

"ಪಾಪ, ಅವ್ರಿಗೆ ಏನು ಗಡಿಬಿಡಿ ಇತ್ತೋ."

"ಗಡಿಬಿಡಿ ಅಲ್ಲ, ಸ್ವಭಾವ. ಬರ್ಕೋ ಮಾಲ್ವಿನಾ. ವಯಸ್ಸು ಅರವತ್ತರ ಮೇಲೆ. ತನ್ನನ್ನ ಬಿಟ್ಟು ಬೇರೆ ಯಾರೂ ಕಣ್ಣಿಗೆ ಬೀಳಲ್ಲ. ಮೇಜಿನ ಮೇಲೆ ತಟ್ಟೆ ಇಟ್ಟಿರ್ತಾನೆ, ಅದೂ ಹೆಂಡತಿ ಇಟ್ಟಿದ್ದು. ಆ ಹೆಂಗಸಿನ ಕಷ್ಟ ದೇವರಿಗೇ ಗೊತ್ತು."

ಬೋಗ್ನಾ ಸಾರಿನ ಪಾತ್ರೆಯನ್ನು ಮತ್ತೆ ಒಲೆಗೆ ಇಟ್ಟಳು.

"ನಾಡಿದ್ದೇ ಹೋಗಿ ಅವನನ್ನ ಮಾತಾಡಿಸ್ತೀನಿ. ವಿಳಾಸ ಹೇಳು," ಎಂದರು ಪ್ರೊಫೆಸರು, ಪೆನ್ನು ಹಿಡಿದು. ಮಾಲ್ವಿನಾ ಪಟ್ಟಿ ಹುಡುಕಿದಳು.

"ಸೊಲ್ನಾ ಬೀದಿ, ಏಳನೇ ನಂಬರು, ಎರಡನೇ ಮಹಡಿ. ಹುಡುಗ ಇನ್ನೂ ಆ ಕಟ್ಟಡದಲ್ಲೇ ಇದಾನೆ ಸರ್. ಮೂರನೇ ಮಹಡಿಯವ್ರು ಒಳಗೆ ಕರೆದು ಊಟಕ್ಕೆ ಕೂರಿಸಿದಾರಂತೆ, ಅದಕ್ಕೇ ಫೋನು ತಡ ಆಯ್ತು."

ಎರಡನೇ ಮಹಡಿಯ ಆ ಮನೆ ನನ್ನದು. ನನ್ನನ್ನೇ ಪ್ರೊಫೆಸರ್ ಎಂದು ಕರೆದುಕೊಂಡು ಈ ಕತೆ ಹೇಳಿದರೆ ನಾಚಿಕೆ ಸ್ವಲ್ಪ ಕಡಿಮೆಯಾದೀತು ಎಂದುಕೊಂಡಿದ್ದೆ.